ಒಂದೇ ಮೂಲೆಯಲ್ಲಿ ಎರಡು ಗಂಟು

ಮೊನ್ನೆ ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಯಜಮಾನರು ಗಾಜು ಒರೆಸಲಿಕ್ಕೆಂದು ಮನೆಯಿಂದ ಒಂದು ಹಳೆಯ ಹತ್ತಿ ಸೀರೆ ತಂದು ಹರಿದರು. ಅಂಚಿನ ಹತ್ತಿರ ಹಲ್ಲಿನಲ್ಲಿ ಕಚ್ಚಿ ಸಣ್ಣದೊಂದು ಸೀಳು ಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಉದ್ದಕ್ಕೆ ಪರ್ರ್ ಎನ್ನುವ ಶಬ್ದ ಬರುತ್ತದೆ. ಅದರ ಜೊತೆಗೇ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಏಳುತ್ತದೆ, ಎಷ್ಟು ಒಗೆದರೂ ಹೋಗದ ಗಂಜಿಯ ವಾಸನೆ ಏಳುತ್ತದೆ. ನಾನು ಗಿರಾಕಿಯ ಚೀಟಿ ಓದುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಸಾಗರದ ಆ ಗದ್ದಲದ ರಸ್ತೆ ಒಂದು ಗಳಿಗೆ ಇಲ್ಲವಾಗಿ, ಹೊಸನಗರದ ನಮ್ಮ ದೊಡ್ಡಮ್ಮನ ನಡುಮನೆ, ಕೆಂಪು ಸಿಮೆಂಟಿನ ನೆಲ, ನೆಲದ ಮೇಲೆ ಹರಡಿದ ಕೌದಿ, ಅದರ ನಾಲ್ಕು ಮಗ್ಗುಲಿಗೆ ಕೂತ ನಾಲ್ಕು ಹೆಂಗಸರು ಕಂಡರು. ಗಿರಾಕಿ, "ಅಕ್ಕ, ಗುಳಿಗೆ?" ಎಂದಾಗಲೇ ನನಗೆ ಎಚ್ಚರ. ದೊಡ್ಡಮ್ಮ ಹೋಗಿ ಆಗ ಎರಡು ತಿಂಗಳು ತುಂಬಿತ್ತು. ಅಷ್ಟು ದಿನ ಬಾರದ ಅಳು ಅವತ್ತು ಬಂತು. ಆದರೆ ಅದು ದುಃಖದ ಅಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ನಾಚಿಕೆಯದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಮ್ಮ ಬ್ಯಾಕೋಡಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಅಲ್ಲಿಗಿಂತ ಹೊಸನಗರದಲ್ಲಿ ಓದು ಚೆನ್ನಾಗಿ ಆಗುತ್ತದೆ ಎಂದು ಐದನೇ ಕ್ಲಾಸಿಗೆ ನನ್ನನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟಳು. ಈ ಅಕ್ಕನೇ ನನ್ನ ಶಾರದ ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಾಲು ಮನೆಗಳಲ್ಲಿ ಕೊನೆಯದು ಅವಳದು. ಮುಂದೆ ಒಂದು ನಡುಮನೆ, ಹಿಂದೆ ಅಡಿಗೆಮನೆ, ಅಷ್ಟೇ. ನಡುಮನೆಗೆ ಮಾತ್ರ ಪಶ್ಚಿಮಕ್ಕೆ ದೊಡ್ಡದೊಂದು ಕಿಟಕಿಯಿತ್ತು. ಮಧ್ಯಾಹ್ನ ಎರಡರ ಮೇಲೆ ಆ ಕಿಟಕಿಯಿಂದ ಬಿಸಿಲು ಚಾಪೆ ಹಾಸಿದ ಹಾಗೆ ನೆಲದ ಮೇಲೆ ಬೀಳುತ್ತಿತ್ತು. ಕೌದಿ ಸಂಘ ಆ ಮನೆಯಲ್ಲೇ ಸೇರುತ್ತಿದ್ದುದಕ್ಕೆ ಆ ಬಿಸಿಲೇ ಕಾರಣ ಎಂದು ನಾನು ಬಹಳ ದಿನ ನಂಬಿದ್ದೆ.

ಸಂಘ ಶುರುವಾದದ್ದು ನಾನು ಬರುವ ಮೊದಲೇ. ಪಕ್ಕದ ಮನೆಯ ಕುಸುಮಕ್ಕ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಒಂದು ದಿನ ಅವರು ಬಂದು, ನಗರ ಎಂಬ ಹಳ್ಳಿಯ ಕಡೆಯಿಂದ ಬಂದಿದ್ದ ಬಾಣಂತಿಯೊಬ್ಬಳು ಮೂರು ದಿನದ ಕೂಸನ್ನು ತಾನು ಉಟ್ಟ ಸೀರೆಯ ಸೆರಗಿನಲ್ಲೇ ಸುತ್ತಿಕೊಂಡು ಬಸ್ಸು ಹತ್ತಿದಳು, ಬೇರೆ ಬಟ್ಟೆಯೇ ಇರಲಿಲ್ಲ ಎಂದು ಹೇಳಿದರಂತೆ. ದೊಡ್ಡಮ್ಮ ಒಳಗೆ ಹೋಗಿ, ದೊಡ್ಡಪ್ಪ ಹೋದ ಮೇಲೆ ತಾನು ಉಡದೆ ಇಟ್ಟಿದ್ದ ಬಣ್ಣದ ಸೀರೆಗಳನ್ನು ತಂದು ಕುಸುಮಕ್ಕನ ಎದುರೇ ಹರಿದಳಂತೆ. ಮೊದಲ ಕೌದಿ ಅದು. ಆಮೇಲೆ ಹಿಂದಿನ ಬೀದಿಯ ಜಲಜಕ್ಕ ಸೇರಿದರು. ಅವರು ಟೀಚರ್ ಆಗಿ ನಿವೃತ್ತರಾದವರು, ಅಳತೆ, ಅಂಚು, ಮೂಲೆ ಎಲ್ಲ ಅವರ ಜವಾಬ್ದಾರಿ. ಟೈಲರ್ ಅಂಗಡಿಯ ಮೈಮುನಕ್ಕ ಚೀಲದ ತುಂಬ ತುಂಡುಬಟ್ಟೆ ಹೊತ್ತುಕೊಂಡು ಬರುತ್ತಿದ್ದರು, ಚೀಲಕ್ಕಿಂತ ಹೆಚ್ಚು ತಮಾಷೆ ಹೊತ್ತುಕೊಂಡು ಬರುತ್ತಿದ್ದರು. ಪ್ರತಿ ಗುರುವಾರ ಮಧ್ಯಾಹ್ನ ಈ ನಾಲ್ಕು ಜನ. ಮುಗಿದ ಕೌದಿಯನ್ನು ಕುಸುಮಕ್ಕ ವಾರ್ಡಿಗೆ ಒಯ್ಯುತ್ತಿದ್ದರು. ಯಾವ ಬಾಣಂತಿಗೆ ಕೊಟ್ಟೆ ಎಂದು ಅವರು ಹೇಳುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ.

ಅವರು ಹೊಲಿಯುವ ಕ್ರಮವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಕೆಳಗೊಂದು ಇಡೀ ಸೀರೆ, ನಡುವೆ ಹಳೆಯ ಪಂಚೆ, ಮೇಲೆ ಬಣ್ಣಬಣ್ಣದ ತುಂಡುಗಳು. ತಾಯಿ ಮಗು ಇಬ್ಬರೂ ಹೊದೆಯುವಷ್ಟು ದೊಡ್ಡದು. ಒಬ್ಬೊಬ್ಬರಿಗೆ ಒಂದೊಂದು ಮಗ್ಗುಲು. ಪ್ರತಿಯೊಬ್ಬರೂ ತಮ್ಮ ಬಲಗಡೆಯ ಮೂಲೆಯಲ್ಲಿ ಗಂಟು ಹಾಕಿ, ಚಿಕ್ಕ ಚಿಕ್ಕ ಹೊಲಿಗೆಯಲ್ಲಿ ಎಡಗಡೆಯ ಮೂಲೆಯವರೆಗೆ ಒಂದು ಸಾಲು ಹೋಗುವುದು. ಆಮೇಲೆ ಅದರ ಒಳಗೆ ಇನ್ನೊಂದು ಸಾಲು, ಅದರ ಒಳಗೆ ಮತ್ತೊಂದು. ಹೀಗೆ ನಾಲ್ಕೂ ಕಡೆಯಿಂದ ಸಾಲುಗಳು ಒಳಗೆ ಒಳಗೆ ಬಂದು, ಕೊನೆಗೆ ನಡುವೆ ಅಂಗೈಯಗಲದ ಜಾಗ ಉಳಿಯುತ್ತಿತ್ತು. ಅಲ್ಲಿ ಒಂದು ಚೌಕದ ತುಂಡನ್ನು ಜೇಬಿನ ಹಾಗೆ ಇಟ್ಟು, ದೊಡ್ಡಮ್ಮ ಅದರೊಳಗೆ ಒಂದು ಚಿಟಿಕೆ ಅಕ್ಕಿ ಹಾಕಿ ಬಾಯಿ ಹೊಲಿಯುತ್ತಿದ್ದಳು. "ಕೌದಿ ಹಸ್ಕೊಂಡು ಹೋಗ್ಬಾರ್ದು" ಎನ್ನುತ್ತಿದ್ದಳು. ಅದು ಅವಳ ಅಮ್ಮ ಮಾಡುತ್ತಿದ್ದದ್ದಂತೆ. ಅಕ್ಕಿ ಹಾಕದ ಕೌದಿ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಹೊಲಿಯುತ್ತ ಕೂತರೆ ಅವರ ಮಾತು ಕೇಳಬೇಕಿತ್ತು. "ಜಲಜಕ್ಕ, ನಿಮ್ಮ ಸಾಲು ನೋಡಿದ್ರೆ ಭಯ ಆಗತ್ತೆ ಮಾರಾಯ್ರೆ, ಮಕ್ಕಳನ್ನ ಪ್ರಾರ್ಥನೆಗೆ ನಿಲ್ಸಿದಂಗಿದೆ" ಎಂದು ಮೈಮುನಕ್ಕ. "ನಿಂದು ಸಂತೆ ಬಿಟ್ಟಂಗಿದೆ, ಅದನ್ನ ಮೊದ್ಲು ನೋಡ್ಕೋ" ಎಂದು ಜಲಜಕ್ಕ. ದೊಡ್ಡಮ್ಮ ಸೂಜಿ ಚುಚ್ಚದಂತೆ ಹಿತ್ತಾಳೆಯ ಅಂಗುಸ್ತಾನ ಹಾಕಿದ ಬೆರಳನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಮಾತು ಕಡಿಮೆ, ನಗು ಹೆಚ್ಚು. ಆ ಓಣಿಯ ಹೆಂಗಸರು ಅವಳನ್ನು ಪಾಪದ ಶಾರದಕ್ಕ ಎನ್ನುತ್ತಿದ್ದರು. ಗುರುವಾರ ಮಧ್ಯಾಹ್ನ ಮಾತ್ರ ಅವಳು ಪಾಪದವಳಾಗಿ ಕಾಣುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿಗೆ ಬಂದ ವರ್ಷ ದೊಡ್ಡಮ್ಮನಿಗೆ ಕಣ್ಣು ಮಂಜಾಯಿತು. ಕಾಫಿ ಲೋಟದ ಪಕ್ಕಕ್ಕೆ ಕೈ ಹಾಕುವುದು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸುವುದು. ಯಾರಿಗೂ ಹೇಳದೆ ನನ್ನನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿ, ಇದು ಪೊರೆಯಲ್ಲ, ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ನನ್ನ ಕೈ ಹಿಡಿದು, "ಸುಮಾ, ಇದು ನಮ್ಮಿಬ್ರಲ್ಲೇ ಇರ್ಲಿ ಆತಾ?" ಎಂದಳು. ಯಾಕೆ ಎಂದು ಕೇಳಿದೆ. "ಗೊತ್ತಾದ್ರೆ ನನ್ ಮಗ್ಗುಲು ಬೇರೆಯವ್ರಿಗೆ ಕೊಡ್ತಾರೆ. ನಂಗೆ ಅದೊಂದೇ ಇರೋದು ಕೂಸೆ" ಎಂದಳು. ದೊಡ್ಡವರು ಮಕ್ಕಳ ಹತ್ತಿರ ಬೇಡಿಕೊಂಡರೆ ಹೇಗಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು. ನಾನು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಅಲ್ಲಿಂದ ನಮ್ಮಿಬ್ಬರ ಗುಟ್ಟಿನ ಕೆಲಸ ಶುರು. ಗುರುವಾರ ಶಾಲೆಗೆ ಹೋಗುವ ಮೊದಲು ಹನ್ನೆರಡು ಸೂಜಿಗೆ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದೆ. ಬಲಗಡೆಯಿಂದ ಕೆಂಪು, ಹಳದಿ, ಹಸಿರು, ನೀಲಿ, ಇದೇ ಕ್ರಮ. ಅವಳ ಮಗ್ಗುಲಿನಲ್ಲಿ ಉಗುರಿನಿಂದ ಬಟ್ಟೆಯನ್ನು ಒತ್ತಿ ಗೆರೆ ಎಳೆಯುತ್ತಿದ್ದೆ, ಬೆರಳಿಗೆ ದಾರಿ ಸಿಗಲಿ ಎಂದು. ಆದರೂ ಸಾಲು ಅಡ್ಡಾದಿಡ್ಡಿ ಹೋಗುತ್ತಿತ್ತು. "ಎಲ್ಲಾದ್ರೂ ಸೊಟ್ಟ ಹೋಗಿದ್ರೆ ನೀನೇ ಸರಿ ಮಾಡಿಬಿಡು" ಎಂದಳು ದೊಡ್ಡಮ್ಮ. ಹೊಲಿಗೆಯನ್ನು ನನಗೆ ಕಲಿಸಿದವಳು ಅವಳೇ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು, ಬಾಗಿಲು ಮುಂದೆ ಮಾಡಿಕೊಂಡು, ಅವಳು ಗುರುವಾರ ಹೊಲಿದ ಸಾಲುಗಳನ್ನು ಬಿಚ್ಚಿ, ಅದೇ ಜಾಗದಲ್ಲಿ ನಾನು ಹೊಸದಾಗಿ ಹೊಲಿಯುತ್ತಿದ್ದೆ. ಬಿಚ್ಚಿದ ದಾರದ ಚೂರುಗಳನ್ನು ಒಲೆಗೆ ಹಾಕುತ್ತಿದ್ದೆ. ಸುಟ್ಟ ಹತ್ತಿಯ ವಾಸನೆ ಬರುತ್ತಿತ್ತು. ದೊಡ್ಡಮ್ಮ ಪಕ್ಕದಲ್ಲೇ ಕೂತು ಹಲಸಿನ ಹಪ್ಪಳ ಸುಡುತ್ತಲೋ ಅಕ್ಕಿ ಕೇರುತ್ತಲೋ ಇರುತ್ತಿದ್ದಳು. ಆ ವಾಸನೆಗೆ ಏನೂ ಹೇಳುತ್ತಿರಲಿಲ್ಲ.

ನನ್ನ ಹೊಲಿಗೆ ಚೆನ್ನಾಗಿತ್ತು. ಹೀಗೆ ಹೇಳಿಕೊಳ್ಳಲು ಈಗಲೂ ಸಂಕೋಚ, ಯಾಕೆಂದರೆ ಎಲ್ಲ ಕೆಟ್ಟದ್ದೂ ಅಲ್ಲಿಂದಲೇ ಹುಟ್ಟಿತು. ಮುಂದಿನ ಗುರುವಾರ ನಾನು ಶಾಲೆಯಿಂದ ಬಂದು ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತರೆ, ಜಲಜಕ್ಕ ಕೌದಿಯ ಮೇಲೆ ಕೈ ಆಡಿಸುತ್ತ, "ಶಾರದಕ್ಕನ ಸಾಲು ಅಂದ್ರೆ ಸಾಲು ಕಣ್ರೆ. ಈ ವಯಸ್ಸಲ್ಲಿ ಎಂಥ ಅಚ್ಚುಕಟ್ಟು!" ಎನ್ನುತ್ತಿದ್ದರು. ದೊಡ್ಡಮ್ಮ ತಲೆ ತಗ್ಗಿಸಿ ನಗುತ್ತಿದ್ದಳು. ಮೊದಮೊದಲು ನನಗೂ ನಗು ಬರುತ್ತಿತ್ತು, ಒಳಗೊಳಗೇ ಹೆಮ್ಮೆ. ನಾಲ್ಕಾರು ತಿಂಗಳು ಕಳೆಯುವಷ್ಟರಲ್ಲಿ ಅದು ಹುಳಿಯಾಯಿತು. ನನ್ನ ಕೈಯ ಕೆಲಸಕ್ಕೆ ಇವಳಿಗೆ ಯಾಕೆ ಹೊಗಳಿಕೆ ಎನ್ನಿಸತೊಡಗಿತು. ಅವಳ ನಗು ಕಂಡರೆ ಸಿಟ್ಟು ಬರುತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಹಾಗೆಲ್ಲ ಯೋಚಿಸುತ್ತಾಳೆಯೇ ಎಂದು ನೀವು ಕೇಳಬಹುದು. ನಾನು ಯೋಚಿಸಿದೆ.

ಆ ಗುರುವಾರ ಶಾಲೆಯಲ್ಲಿ ಕೈಕೆಲಸದ ಬಹುಮಾನ ಕೊಟ್ಟರು. ನಾನು ಒಂದು ಕರ್ಚೀಫಿಗೆ ಹೂವು ಹೊಲಿದು ಕೊಟ್ಟಿದ್ದೆ. ಕ್ಲಾಸಿನಲ್ಲಿ ನಾನು ಎಡಗೈಯಲ್ಲಿ ಸೂಜಿ ಹಿಡಿದದ್ದು ಕಂಡು ಟೀಚರ್ ಎಲ್ಲರೆದುರು, ಎಡಗೈಯವರಿಗೆ ಹೊಲಿಗೆ ಒಲಿಯುವುದಿಲ್ಲ ಎಂದು ನಕ್ಕಿದ್ದರು. ಬಹುಮಾನ ಬೇರೆಯವಳಿಗೆ ಹೋಯಿತು. ಅಳು ನುಂಗಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಹೊಸ ಚಪ್ಪಲಿ. ಹೆರಿಗೆ ವಾರ್ಡಿನ ಲೇಡಿ ಡಾಕ್ಟರು ಬಂದಿದ್ದರು. ಅವರಿಗೆ ವರ್ಗವಾಗಿತ್ತು, ಹೋಗುವ ಮೊದಲು ಈ ಕೌದಿ ಹೊಲಿಯುವವರನ್ನು ನೋಡಬೇಕು ಎಂದು ಕುಸುಮಕ್ಕನ ಜೊತೆ ಬಂದಿದ್ದರಂತೆ. ನಡುವೆ ಕೌದಿ ಹರಡಿತ್ತು. ಅದು ಬಹುಪಾಲು ಮುಗಿದು, ಅಕ್ಕಿ ಹಾಕಿ ಜೇಬಿನ ಬಾಯಿ ಹೊಲಿಯುವುದು ಮಾತ್ರ ಬಾಕಿ ಇತ್ತು. ಪಕ್ಕದಲ್ಲಿ ತಟ್ಟೆಯಲ್ಲಿ ಅಕ್ಕಿ. ನಾನು ಟೀ ತಟ್ಟೆ ಹಿಡಿದು ಬಂದಾಗ ಡಾಕ್ಟರು ದೊಡ್ಡಮ್ಮನ ಮಗ್ಗುಲಿನ ಮೇಲೆ ಬೆರಳು ಓಡಿಸುತ್ತ, "ಇದು ಯಾರು ಹೊಲಿದಿದ್ದು? ಎಷ್ಟು ಚೆಂದ ಇದೆ!" ಎಂದರು.

"ನಮ್ ಶಾರದಕ್ಕಂದು ಡಾಕ್ಟ್ರೆ" ಎಂದರು ಜಲಜಕ್ಕ.

"ಅದು ಅವಳದ್ದಲ್ಲ, ನಂದು" ಎಂದೆ ನಾನು. ಟೀ ತಟ್ಟೆ ಕೈಯಲ್ಲೇ ಇತ್ತು. "ದೊಡ್ಡಮ್ಮಂಗೆ ಕಣ್ಣೇ ಕಾಣಲ್ಲ. ಅವಳು ಹೊಲ್ದಿದ್ದನ್ನೆಲ್ಲ ನಾನು ಬಿಚ್ಚಿ ಹೊಲೀತೀನಿ."

ಮೈಮುನಕ್ಕ ತಟ್ಟನೆ ನಕ್ಕರು. "ಏ ಹೋಗೆ, ಎರಡು ಸಾಲು ಹಾಕಿರ್ಬೇಕು ಇವ್ಳು, ಇಡೀ ಕೌದಿ ತನ್ನದೇ ಅಂತಾಳೆ. ಟೀ ಕೊಡು ಮೊದ್ಲು, ಆರತ್ತೆ." ಅಲ್ಲಿಗೆ ಅದು ಮುಗಿಯಬಹುದಿತ್ತು. ಅವರು ಅದನ್ನು ಅಲ್ಲಿಗೇ ಮುಗಿಸಲು ನೋಡಿದರು. ಆದರೆ ಆ ನಗು ನನಗೆ ಟೀಚರ ನಗುವಿನ ಹಾಗೆಯೇ ಕೇಳಿಸಿತು. ತಟ್ಟೆಯನ್ನು ನೆಲಕ್ಕಿಟ್ಟು, ಚೀಲದಿಂದ ಒಂದು ತುಂಡುಬಟ್ಟೆ ಎಳೆದು, ದೊಡ್ಡಮ್ಮನ ಮುಖದ ಎದುರು ಹಿಡಿದೆ. "ಇದು ಎಂತ ಬಣ್ಣ ಹೇಳು ನೋಡಾಣ" ಎಂದೆ.

ದೊಡ್ಡಮ್ಮ ನನ್ನ ದನಿ ಬಂದ ಕಡೆ ಮುಖ ಎತ್ತಿದಳು. ಬಟ್ಟೆಯನ್ನು ಮುಟ್ಟಿ ನೋಡಲಿಲ್ಲ. ಹೊರಗೆ ಬಸ್ಸಿನವನು ತೀರ್ಥಹಳ್ಳಿ ತೀರ್ಥಹಳ್ಳಿ ಎಂದು ಕೂಗುತ್ತಿದ್ದದ್ದು ಕೇಳುತ್ತಿತ್ತು. "ಕೆಂಪು" ಎಂದಳು.

ಅದು ಹಸಿರು.

ಯಾರೂ ಅದನ್ನು ಹೇಳಲಿಲ್ಲ. ಹೇಳಿದವಳು ನಾನೇ. "ಹಸಿರು!" ಎಂದು ಗೆದ್ದವಳ ಹಾಗೆ ಕೂಗಿದೆ. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ದೊಡ್ಡಮ್ಮ ಬೆರಳಿನಿಂದ ಅಂಗುಸ್ತಾನ ತೆಗೆದು, ನೆಲವನ್ನು ತಡವಿ, ಅಕ್ಕಿಯ ತಟ್ಟೆಯ ಪಕ್ಕ ಇಟ್ಟಳು. "ಅವ್ಳು ಹೇಳಿದ್ದು ನಿಜ ಡಾಕ್ಟ್ರೆ. ನಾಲ್ಕೈದು ತಿಂಗ್ಳಾತು, ನಂಗೆ ಬೆಳಕು ಬಿಟ್ರೆ ಎಂತದೂ ಕಾಣಲ್ಲ. ಹೊಲಿಗೆ ಇವಳದ್ದೇ" ಎಂದಳು. ಆಮೇಲೆ, "ಟೀ ಕುಡೀರಿ" ಎಂದಳು. ಡಾಕ್ಟರು ಏನೋ ಸಮಾಧಾನದ ಮಾತಾಡಿ ಬೇಗ ಎದ್ದರು. ಅವತ್ತು ಯಾರೂ ನನ್ನ ಹೊಲಿಗೆಯನ್ನು ಹೊಗಳಲಿಲ್ಲ.

ಮುಂದಿನ ಗುರುವಾರವೂ ಅವರು ಬಂದರು. ಜಲಜಕ್ಕ, "ಶಾರದಕ್ಕ, ನಿಮ್ ಜಾಗದಲ್ಲಿ ನೀವು ಕೂರಿ" ಎಂದು ಎರಡು ಸಲ ಹೇಳಿದ್ದು ಕೇಳಿದೆ. ದೊಡ್ಡಮ್ಮ ಗೋಡೆಗೆ ಒರಗಿ ಕೂತು, "ನಾನು ಇಲ್ಲಿಂದ್ಲೇ ನಿಮ್ ಮಾತು ಕೇಳ್ತೀನಿ" ಎಂದಳು. ಅವಳ ಮಗ್ಗುಲನ್ನು ಯಾರೂ ತೆಗೆದುಕೊಳ್ಳಲಿಲ್ಲ. ಮೂರೇ ಜನ ಹೊಲಿದು, ನಾಲ್ಕನೆಯ ಕಡೆಗೆ ಸರದಿಯಲ್ಲಿ ಕೂರುತ್ತಿದ್ದರು. ಅಕ್ಕಿ ಹಾಕಲು ಕರೆದರೆ ಮಾತ್ರ ದೊಡ್ಡಮ್ಮ ಬಂದು ಚಿಟಿಕೆ ಅಕ್ಕಿ ಹಾಕಿ, ಬಾಯಿ ಹೊಲಿಯುವುದನ್ನು ಜಲಜಕ್ಕನಿಗೆ ಬಿಡುತ್ತಿದ್ದಳು. ಕೆಲವು ತಿಂಗಳ ಮೇಲೆ ಸಂಘ ಜಲಜಕ್ಕನ ಮನೆಗೆ ಹೋಯಿತು. ಆಮೇಲೆ ಆಸ್ಪತ್ರೆಯವರೇ ಬಾಣಂತಿಯರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಟವೆಲ್ಲು, ಸೊಳ್ಳೆಪರದೆ, ಮಗುವಿನ ಹೊದಿಕೆ ಕೊಡಲು ಶುರು ಮಾಡಿದರು. ಜಲಜಕ್ಕ ತೀರಿಕೊಂಡ ವರ್ಷ ಕೌದಿಯೂ ನಿಂತಿತು.

ದೊಡ್ಡಮ್ಮ ನನಗೆ ಬಯ್ಯಲಿಲ್ಲ. ಮಾರನೇ ದಿನ ಎಂದಿನಂತೆ ತಡವಿ ತಡವಿ ರೊಟ್ಟಿ ತಟ್ಟಿ, ಮೊದಲನೆಯದನ್ನು ನನಗೇ ಹಾಕಿದಳು. ಅವಳು ಮತ್ತೆಂದೂ ನನ್ನ ಹತ್ತಿರ ಯಾವುದರ ಬಣ್ಣವನ್ನೂ ಕೇಳಲಿಲ್ಲ, ಅಷ್ಟೇ. ಉಡುವ ಸೀರೆ ಯಾವುದು ಎಂದು ತಿಳಿಯಬೇಕಾದರೆ ಕುಸುಮಕ್ಕ ಬರುವವರೆಗೆ ಕಾಯುತ್ತಿದ್ದಳು. ಮುಂದೆ ನಾನು ಸಾಗರದಲ್ಲಿ ಓದಿ, ಇಲ್ಲೇ ಕೆಲಸಕ್ಕೆ ಸೇರಿ, ಅವಳನ್ನು ನನ್ನ ಮನೆಗೆ ಕರೆತಂದ ಮೇಲೂ ಅದು ಹಾಗೇ ಇತ್ತು. ಕೊನೆಯ ಆರು ವರ್ಷ ನನ್ನ ಜೊತೆಗಿದ್ದಳು. ಒಂದು ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತ ಧೈರ್ಯ ಮಾಡಿ, "ದೊಡ್ಡಮ್ಮ, ಅವತ್ತು ಡಾಕ್ಟರು ಬಂದಾಗ ನಾನು..." ಎಂದೆ. "ಎಣ್ಣೆ ಹೆಚ್ಚಾತು ನೋಡು, ಕುತ್ತಿಗೆಗೆ ಇಳೀತಾ ಇದೆ" ಎಂದಳು. ನಾನು ಒರೆಸಿದೆ. ಆ ಮಾತು ಅಲ್ಲಿಗೇ ನಿಂತಿತು.

ಅಂಗಡಿಯಲ್ಲಿ ಸೀರೆ ಹರಿದ ಆ ವಾರವೇ ಮೈಮುನಕ್ಕ ನನ್ನ ಮನೆಗೆ ಬಂದರು. ಈಗ ಅವರಿಗೆ ಮಂಡಿ ನೋವು, ಸಾವಿಗೆ ಬರಲಾಗಿರಲಿಲ್ಲ. ಮಗ ಸಾಗರಕ್ಕೆ ಬರುವಾಗ ಜೊತೆಗೆ ಬಂದಿದ್ದರು. ಕಂಕುಳಲ್ಲಿ ಒಂದು ಗಂಟು. ಕೂತವರೇ ಸ್ವಲ್ಪ ಹೊತ್ತು ಅತ್ತರು, ಆಮೇಲೆ ಕಾಫಿ ಕೇಳಿದರು, ಆಮೇಲೆ ನನ್ನ ಅಡಿಗೆಮನೆಯನ್ನು ನೋಡಿ, "ಎಂತದೇ ಇದು, ಮೆಡಿಕಲ್ ಶಾಪಿನಂಗೆ ಡಬ್ಬಿ ಜೋಡ್ಸಿದ್ಯ" ಎಂದು ನಗಿಸಿದರು. ನಾನು ಅವತ್ತಿನ ವಿಷಯವನ್ನು ತಡೆಯಲಾಗದೆ ಹೇಳಿಬಿಟ್ಟೆ. ಅವಳ ಗುಟ್ಟನ್ನು ನಿಮ್ಮೆಲ್ಲರ ಎದುರು ಒಡೆದೆ ಎಂದೆ.

"ಯಾವ ಗುಟ್ಟೇ?" ಎಂದರು ಮೈಮುನಕ್ಕ. "ನೀನು ಮೊದ್ಲ ಕೌದಿಗೆ ಕೈ ಹಾಕಿದ ದಿನವೇ ನಮಗೆ ಗೊತ್ತಾತು. ನೀನು ಎಡಚಿ ಅಲ್ವಾ ಮಾರಾಯ್ತಿ. ನಾವೆಲ್ಲ ಬಲದಿಂದ ಶುರು ಮಾಡಿದ್ರೆ ನೀನು ಎಡದಿಂದ. ಕೌದಿಯ ಒಂದು ಮೂಲೇಲಿ ಎರಡು ಗಂಟು, ಇನ್ನೊಂದು ಮೂಲೆ ಬೋಳು. ಟೈಲರ್ ಮನೇಲಿ ಇರೋಳಿಗೆ ಇದು ಕಾಣಲ್ವಾ?"

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿ ಎಂತ ಮಾಡೋದು? ಅವ್ರು ಕೂತ್ಕೊಳ್ಳೋದು ಮುಖ್ಯ, ಸಾಲು ನೆಟ್ಟಗಿರೋದಲ್ಲ. ಅದಕ್ಕೇ ಜಲಜಕ್ಕ ನೀನು ಬಾಗ್ಲ ಸಂದೀಲಿ ನಿಂತಾಗ್ಲೇ ಜೋರಾಗಿ ಹೊಗಳ್ತಿದ್ದಿದ್ದು. ನಿಂಗೇ ಹೇಳ್ತಿದ್ದಿದ್ದು ಅದು. ನಮಗೆಲ್ಲ ಗೊತ್ತು ಅನ್ನೋದು ಶಾರದಕ್ಕಂಗೂ ಗೊತ್ತಿತ್ತು. ಆ ಬೆರಳಿಗೆ ಗಂಟು ಸಿಕ್ತಿರ್ಲಿಲ್ವಾ? ನೀನು ಹೊಗಳಿಸ್ಕೊಂಡ್ರೆ ಅವ್ರು ತಲೆ ತಗ್ಸಿ ನಗ್ತಿದ್ರು."

ಆಗ ಅವರು ಗಂಟು ಬಿಚ್ಚಿದರು. ಅದರಲ್ಲಿದ್ದದ್ದು ಡಾಕ್ಟರು ಬಂದ ದಿನದ ಕೌದಿ. ದೊಡ್ಡಮ್ಮ ಅದಕ್ಕೆ ಅಕ್ಕಿ ಹಾಕಲು ಒಪ್ಪದೆ ಇದ್ದುದರಿಂದ ಅದು ವಾರ್ಡಿಗೆ ಹೋಗಲೇ ಇಲ್ಲವಂತೆ. ಮೈಮುನಕ್ಕ ಅದನ್ನು ಒಯ್ದು ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಟ್ಟಿದ್ದರು. "ನಿಂಗೇ ಸೇರ್ಬೇಕು ಇದು" ಎಂದು ನನ್ನ ತೊಡೆಯ ಮೇಲಿಟ್ಟು ಹೋದರು.

ಅವರು ಹೋದ ಮೇಲೆ ಅದನ್ನು ನೆಲದ ಮೇಲೆ ಹರಡಿದೆ. ನಡುವಿನ ಜೇಬು ಬಾಯಿ ತೆರೆದುಕೊಂಡೇ ಇದೆ. ದೊಡ್ಡಮ್ಮನ ಮಗ್ಗುಲಿನಲ್ಲಿ ನನ್ನ ಸಾಲುಗಳು, ಒಂದರ ಹಿಂದೆ ಒಂದು, ಅಚ್ಚುಕಟ್ಟಾಗಿ, ಎಡಕ್ಕೆ ಗಂಟು. ಬೆರಳು ಒಳಗೆ ಒಳಗೆ ಹೋದ ಹಾಗೆ, ಜೇಬಿನ ಪಕ್ಕದ ಕೊನೆಯ ಸಾಲಿಗೆ ಬಂದು ನಿಂತಿತು. ಆ ಸಾಲಿನ ಗಂಟು ಬಲಗಡೆ ಇತ್ತು. ಅದು ಆ ಗುರುವಾರ ಮಧ್ಯಾಹ್ನ, ನಾನು ಶಾಲೆಯಿಂದ ಬರುವ ಮೊದಲು, ದೊಡ್ಡಮ್ಮ ಹೊಲಿದದ್ದು. ಶನಿವಾರ ನಾನು ಬಿಚ್ಚಬೇಕಾಗಿದ್ದದ್ದು. ಹೊಲಿಗೆ ಒಂದು ದೊಡ್ಡದು, ಒಂದು ಸಣ್ಣದು. ನಡುವೆ ದಾರಿ ತಪ್ಪಿ ನನ್ನ ಸಾಲಿನ ಮೇಲೆ ಹತ್ತಿ, ಮತ್ತೆ ಇಳಿದು, ಗೆರೆ ಹುಡುಕಿಕೊಂಡು ಹೋಗಿದೆ.

ಕಾಣದ ಕಣ್ಣಿನಲ್ಲಿ ಅವಳು ಎಷ್ಟು ಗುರುವಾರ, ಎಷ್ಟು ಸಾಲು ಹೊಲಿದಿರಬಹುದು! ಅದೆಲ್ಲವನ್ನೂ ನಾನೇ ಬಿಚ್ಚಿ ಒಲೆಗೆ ಹಾಕಿದ್ದೆ. ಈ ಭೂಮಿಯ ಮೇಲೆ ಉಳಿದದ್ದು ಇದೊಂದೇ.

ಅಕ್ಕಿ ತಂದಿಟ್ಟುಕೊಂಡು ಎರಡು ಸಲ ಕೂತೆ. ಅವಳ ಅಂಗುಸ್ತಾನ ನನ್ನ ಹತ್ತಿರವೇ ಇದೆ. ಜೇಬಿನ ಬಾಯಿ ಹೊಲಿಯಲು ಕೈ ಬರಲಿಲ್ಲ. ಕಣ್ಣು ಮುಚ್ಚಿ, ಬಲಗಡೆಯ ಗಂಟಿನಿಂದ ಶುರು ಮಾಡಿ, ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಹೋಗುತ್ತೇನೆ. ಎಷ್ಟು ಸೊಟ್ಟ ಹೋದರೂ ಕೊನೆಗೆ ಅದು ಮೂಲೆಗೆ ಸರಿಯಾಗಿ ಬಂದು ಮುಟ್ಟುತ್ತದೆ.